ಡಿಎನ್‌ಎ ಬಾರ್‌ಕೋಡ್: ಜೀವಿಗಳ ಗುರುತಿನ ಚೀಟಿ



ಉರ್ದು, ಕನ್ನಡ ಪಾಠ ಹೇಳುವವರಿಗೂ ಡಿಎನ್‌ಎಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಸಂಬಂಧ ಇದೆ. ಡಿಎನ್‌ಎ ಎಂಬುದೂ ಒಂದು ಬರಹ. ಕನ್ನಡದ ವರ್ಣಮಾಲೆಯಲ್ಲಿ ನಲವತ್ತೊಂಬತ್ತು ಅಕ್ಷರಗಳಿದ್ದರೆ, ಈ ಬರಹದಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ ಮತ್ತು ಸಿ. ಈ ನಾಲ್ಕು ಅಕ್ಷರಗಳು ಯಾವ ಕ್ರಮದಲ್ಲಿ ಕೂತಿವೆ ಎಂಬುದರ ಮೇಲೆ ಆನೆ ಆನೆಯಾಗುತ್ತದೆ, ಇರುವೆ ಇರುವೆಯಾಗುತ್ತದೆ.

ಅಕ್ಷರ ಬದಲಾದರೆ ಏನಾಗುತ್ತದೆ ಎಂಬುದನ್ನು ಭಾಷೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉರ್ದುವಿನಲ್ಲಿ ಒಂದೇ ಆಕಾರದ ಅಕ್ಷರಕ್ಕೆ ಚುಕ್ಕಿ ಇಡದಿದ್ದರೆ ‘ಹಾಲ್’, ಅಂದರೆ ಸ್ಥಿತಿ. ಒಳಗೆ ಒಂದು ಚುಕ್ಕಿ ಇಟ್ಟರೆ ‘ಜಾಲ್’, ಅಂದರೆ ಬಲೆ. ಮೂರು ಚುಕ್ಕಿ ಇಟ್ಟರೆ ‘ಚಾಲ್’, ಅಂದರೆ ನಡಿಗೆ. ಮೇಲೆ ಒಂದು ಚುಕ್ಕಿ ಇಟ್ಟರೆ ‘ಖಾಲ್’, ಅಂದರೆ ಮಚ್ಚೆ. ದೂರದಿಂದ ನೋಡಿದವರಿಗೆ ನಾಲ್ಕೂ ಒಂದೇ. ಹತ್ತಿರ ಹೋಗಿ ಚುಕ್ಕಿ ಎಣಿಸಿದವರಿಗೆ ಮಾತ್ರ ನಾಲ್ಕು ಬೇರೆ ಬೇರೆ ಪದಗಳು. ಪ್ರಕೃತಿಯಲ್ಲೂ ಇಂಥ ಜೀವಿಗಳಿವೆ. ಕಣ್ಣಿಗೆ ಒಂದೇ, ಒಳಗಿನ ಬರಹ ಬೇರೆ. ಆ ಚುಕ್ಕಿಗಳನ್ನು ಎಣಿಸುವ ವಿದ್ಯೆಯೇ ಡಿಎನ್‌ಎ ಬಾರ್‌ಕೋಡಿಂಗ್.

ಬಾರ್‌ಕೋಡ್ ಎಂಬ ಮಾತು ನಿಮಗೆ ಹೊಸದಲ್ಲ. ಸೋಪು, ಬಿಸ್ಕತ್ತು, ಪುಸ್ತಕಗಳ ಹಿಂದೆ ಕಪ್ಪು ಗೆರೆಗಳ ಪಟ್ಟಿ ಇರುತ್ತದೆಯಲ್ಲ, ಅದೇ. 1974ರ ಜೂನ್ 26ರಂದು ಅಮೆರಿಕದ ಓಹಿಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಈ ಗೆರೆಗಳನ್ನು ಯಂತ್ರ ಓದಿತು. ಈಗ ಎಲ್ಲ ಕಡೆ ಬಳಕೆಯಲ್ಲಿರುವ ಪದ್ಧತಿಗೆ ಅದೇ ಆರಂಭ. ಜೀವಿಗಳಿಗೂ ಹೀಗೆ ಒಂದು ಗೆರೆಪಟ್ಟಿ ಇರಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಕೆನಡಾದ ಗುವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್. 2003ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಮತ್ತು ಅವರ ಸಂಗಡಿಗರು, ಪತಂಗಗಳ 200 ಹತ್ತಿರದ ಪ್ರಭೇದಗಳನ್ನು ಡಿಎನ್‌ಎಯ ಒಂದು ಚಿಕ್ಕ ತುಣುಕಿನಿಂದಲೇ ಬೇರೆ ಬೇರೆಯಾಗಿ ಗುರುತಿಸಬಹುದು ಎಂದು ತೋರಿಸಿದರು.

ಆ ತುಣುಕು ಯಾವುದು? ನಮ್ಮ ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾ ಎಂಬ ಕಣಗಳಿವೆ. ಅವುಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಇದೆ. ಅದರಲ್ಲಿ ಸಿಒಐ ಎಂಬ ಒಂದು ಜೀನ್. ಆ ಜೀನಿನ ಸುಮಾರು 650 ಅಕ್ಷರಗಳ ಒಂದು ಭಾಗವೇ ಪ್ರಾಣಿಗಳ ಬಾರ್‌ಕೋಡ್. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ ಎಂಬುದನ್ನು ನೆನೆದರೆ 650 ಅಕ್ಷರ ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ದೊಡ್ಡ ಗ್ರಂಥದ ಒಂದೇ ಒಂದು ವಾಕ್ಯವನ್ನು ಓದಿ ಇದು ಯಾವ ಗ್ರಂಥ ಎಂದು ಹೇಳಿದ ಹಾಗೆ.

ಆ ವಾಕ್ಯವನ್ನೇ ಏಕೆ ಆರಿಸಿದರು? ಅದು ಬಹುತೇಕ ಎಲ್ಲ ಪ್ರಾಣಿಗಳಲ್ಲೂ ಇದೆ. ಒಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿಗಳಿರುವುದರಿಂದ ಕೀಟದ ಒಂದು ಕಾಲು, ಮೀನಿನ ರೆಕ್ಕೆಯ ಒಂದು ಚೂರು ಸಿಕ್ಕರೂ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಪ್ರಭೇದದ ಜೀವಿಗಳ ನಡುವೆ ಈ ಭಾಗದಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಬಹಳ ಕಡಿಮೆ, ಬೇರೆ ಪ್ರಭೇದಗಳ ನಡುವೆ ಹೆಚ್ಚು. ಗಿಡಗಳಲ್ಲಿ ಮಾತ್ರ ಸಿಒಐ ತೀರ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ 2009ರಲ್ಲಿ ವಿಜ್ಞಾನಿಗಳು ಗಿಡಗಳಿಗೆ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಎರಡು ಜೀನ್‌ಗಳನ್ನು ಒಪ್ಪಿದರು.

ಕೆಲಸದ ಕ್ರಮ ಸರಳ. ಮಾದರಿಯ ಚೂರನ್ನು ಆಲ್ಕೋಹಾಲಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅದರಿಂದ ಡಿಎನ್‌ಎ ತೆಗೆಯುತ್ತಾರೆ. ಪಿಸಿಆರ್ ಯಂತ್ರದಲ್ಲಿ ಬೇಕಾದ ಭಾಗವನ್ನು ಮಾತ್ರ ಕೋಟಿಗಟ್ಟಲೆ ಪ್ರತಿ ಮಾಡುತ್ತಾರೆ. ಅನಂತರ ಅಕ್ಷರಗಳನ್ನು ಒಂದೊಂದಾಗಿ ಓದಿ, ಜಗತ್ತಿನ ಭಂಡಾರದಲ್ಲಿರುವ ಬರಹಗಳ ಜೊತೆ ಕಂಪ್ಯೂಟರಿನಲ್ಲಿ ಹೋಲಿಸುತ್ತಾರೆ. ಬೋಲ್ಡ್, ಜೀನ್‌ಬ್ಯಾಂಕ್ ಎಂಬವು ಅಂಥ ಭಂಡಾರಗಳು. ಯಾರು ಬೇಕಾದರೂ ತೆರೆದು ನೋಡಬಹುದು.

ಇದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮಗೇನು ಲಾಭ ಎಂದು ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಹೊಲ, ನಮ್ಮ ಗಂಧಿಗೆ ಅಂಗಡಿ, ನಮ್ಮ ನದಿ, ಈ ಮೂರು ಕಡೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಮೊದಲು ಹೊಲ. ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿನ ಸಸಿಮಡಿ ಮಾಡುವವರಿಗೆಲ್ಲ ಎಲೆ ತಿನ್ನುವ ಹುಳು ಗೊತ್ತು. ಅದರ ಶಾಸ್ತ್ರೀಯ ಹೆಸರು ಸ್ಪೋಡಾಪ್ಟೆರಾ ಲಿಟುರಾ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಅದನ್ನೇ ಹೋಲುವ ಒಂದು ಹುಳು ಕಾಣಿಸಿಕೊಂಡು ಸುಳಿಯನ್ನೇ ತಿನ್ನತೊಡಗಿತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು ಪರೀಕ್ಷಿಸಿದಾಗ ಅದು ಹಳೆಯ ಹುಳುವಲ್ಲ, ಅದರ ದಾಯಾದಿ ಸ್ಪೋಡಾಪ್ಟೆರಾ ಫ್ರೂಜಿಪೆರ್ಡಾ, ಅಂದರೆ ಫಾಲ್ ಸೈನಿಕ ಹುಳು ಎಂದು ತಿಳಿಯಿತು. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕಿ, ಇವು ಅದರ ಲಕ್ಷಣ. ಆದರೆ ಈಗತಾನೆ ಮೊಟ್ಟೆಯೊಡೆದು ಬಂದ ಮರಿಯಲ್ಲಿ ಈ ಗುರುತುಗಳು ಸ್ಪಷ್ಟವಾಗಿರುವುದಿಲ್ಲ. ಆಗ ನೆರವಿಗೆ ಬರುವುದು ಸಿಒಐ ಬರಹ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ಈ ಬರಹವನ್ನು ಓದಿ ಕೀಟವನ್ನು ಖಚಿತಪಡಿಸಿತು.

ಹೆಸರು ಯಾವುದಾದರೇನು, ಔಷಧಿ ಹೊಡೆದರಾಯಿತು ಎನ್ನಬೇಡಿ. ಗಂಡು ಪತಂಗಗಳನ್ನು ಹಿಡಿಯಲು ಹೊಲದಲ್ಲಿ ಮೋಹಕ ಬಲೆ ಕಟ್ಟುತ್ತಾರೆ. ಆ ಬಲೆಯ ವಾಸನೆ ಒಂದೊಂದು ಪ್ರಭೇದಕ್ಕೆ ಒಂದೊಂದು. ಲಿಟುರಾ ಹುಳುವಿನ ಬಿಲ್ಲೆ ಕಟ್ಟಿ ಫ್ರೂಜಿಪೆರ್ಡಾ ಬರಲೆಂದು ಕಾದರೆ ಬಲೆ ಖಾಲಿ ಇರುತ್ತದೆ, ಹುಳು ಬೆಳೆಯಲ್ಲಿರುತ್ತದೆ. ತಪ್ಪು ಹೆಸರಿನ ದಂಡ ಕಟ್ಟುವವನು ಸಾಲ ಮಾಡಿ ಬಿತ್ತಿದ ರೈತ.

ಬಿಳಿನೊಣದ ಕಥೆ ಇದಕ್ಕಿಂತ ಸೂಕ್ಷ್ಮ. ಹೊಗೆಸೊಪ್ಪಿನ ಎಲೆ ಮುರುಟು ರೋಗವನ್ನೂ ಟೊಮೇಟೊ ಎಲೆ ಮುರುಟು ರೋಗವನ್ನೂ ಗಿಡದಿಂದ ಗಿಡಕ್ಕೆ ಹರಡುವುದು ಇದೇ ನೊಣ. 1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ಟೊಮೇಟೊ ಬೆಳೆಗೆ ರೋಗ ಜೋರಾಗಿ ತಗುಲಿದಾಗ, ವಿಜ್ಞಾನಿಗಳು ನೊಣದ ಡಿಎನ್‌ಎ ಪರೀಕ್ಷಿಸಿ ಹೊರದೇಶದ ‘ಬಿ’ ತಳಿಯ ಬಿಳಿನೊಣ ಭಾರತಕ್ಕೆ ಬಂದಿರುವುದನ್ನು ಮೊದಲ ಬಾರಿಗೆ ಕಂಡುಹಿಡಿದರು. ನೋಡಲು ಅದಕ್ಕೂ ನಮ್ಮ ನೊಣಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಒಂದೇ ಎಂದುಕೊಂಡಿದ್ದ ಬಿಳಿನೊಣ ವಾಸ್ತವವಾಗಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳ ಗುಂಪು ಎಂಬುದು ಮುಂದೆ ಸಿಒಐ ಬರಹದಿಂದಲೇ ತಿಳಿದುಬಂತು.

ಎರಡನೆಯದು ಗಂಧಿಗೆ ಅಂಗಡಿ. ಕನ್ನಡದಲ್ಲಿ ನೆಲನೆಲ್ಲಿ, ಉರ್ದುವಿನಲ್ಲಿ ಭುಯಿ ಆಂವ್ಲಾ. ಕಾಮಾಲೆಗೆ ಇದರ ಕಷಾಯ ಕುಡಿಸುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಬೆಂಗಳೂರಿನ ಸಂಶೋಧಕರ ತಂಡವೊಂದು ದಕ್ಷಿಣ ಭಾರತದ 25 ಅಂಗಡಿಗಳಿಂದ ಇದರ ಒಣಗಿದ ಮಾದರಿಗಳನ್ನು ತಂದು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿತು. ಶೇಕಡ 76ರಷ್ಟು ಮಾದರಿಗಳಲ್ಲಿ ಮುಖ್ಯವಾಗಿ ಇದ್ದದ್ದು ನಿಜವಾದ ನೆಲನೆಲ್ಲಿ. ಉಳಿದ ಶೇಕಡ 24ರಲ್ಲಿ ಅದೇ ಕುಲದ ಬೇರೆ ಐದು ಪ್ರಭೇದಗಳು ಸಿಕ್ಕವು. ಅಂಗಡಿಯವರು ಮೋಸ ಮಾಡಿದರೆಂದು ಇದರಿಂದ ಹೇಳಲಾಗದು. ಗಿಡಗಳು ಒಂದನ್ನೊಂದು ಹೋಲುತ್ತವೆ, ಒಣಗಿದ ಮೇಲಂತೂ ಗುರುತು ಹತ್ತುವುದಿಲ್ಲ. ಆ ತಂಡ ಈ ಪ್ರಭೇದಗಳನ್ನು ಬೇರ್ಪಡಿಸುವ ಡಿಎನ್‌ಎ ಗುರುತುಗಳನ್ನೂ ಸಿದ್ಧಪಡಿಸಿತು. ಕಾಯಿಲೆಗೆ ಕುಡಿಸುವ ಸೊಪ್ಪು ಯಾವುದೆಂಬುದೇ ಖಚಿತವಿಲ್ಲದಿದ್ದರೆ ಅದರ ಗುಣದ ಮಾತು ಎಲ್ಲಿಂದ ಬಂತು? ಕಾಮಾಲೆ ಕಂಡರೆ ಮೊದಲು ವೈದ್ಯರಿಗೆ ತೋರಿಸಿ ಎಂದು ಪೋಷಕರಲ್ಲಿ ಈ ಸಂದರ್ಭದಲ್ಲೇ ವಿನಂತಿಸುತ್ತೇನೆ.

ಮೂರನೆಯದು ನದಿ. ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿ, ಎಚ್.ಡಿ. ಕೋಟೆಯ ಕಬಿನಿ, ಇವೆರಡೂ ಒಂದು ಕಾಲದಲ್ಲಿ ಮಹಶೀರ್ ಮೀನಿಗೆ ಹೆಸರಾಗಿದ್ದವು. ನಮ್ಮವರು ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆಗಳಿರುವ ಈ ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಬ್ರಿಟಿಷರು 19ನೇ ಶತಮಾನದಲ್ಲೇ ಅದರ ಬಗ್ಗೆ ಬರೆದರು. ದೇಶವಿದೇಶದವರು ಬಂದು ಹಿಡಿದರು. ಆದರೆ ಅದಕ್ಕೆ ಖಚಿತವಾದ ಶಾಸ್ತ್ರೀಯ ಹೆಸರು ಮಾತ್ರ ಇರಲಿಲ್ಲ.

ಈ ನಡುವೆ 1970ರ ದಶಕದಿಂದ, ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ಮೀನುಗಳನ್ನು ಕಾವೇರಿಗೂ ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಅದು ಬೇರೆ ಪ್ರಭೇದ. ಕಾವೇರಿಯಲ್ಲಿ ಗಾಳ ಹಾಕಿದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ತೆಗೆದು ನೋಡಿದಾಗ ನೀಲಿ ರೆಕ್ಕೆಯದು ಹೆಚ್ಚುತ್ತ, ಡುಬ್ಬದ ಮೀನು ಕಡಿಮೆಯಾಗುತ್ತ ಬಂದಿರುವುದು ಕಂಡಿತು. ‘ಮಹಶೀರ್ ಹೆಚ್ಚಾಗಿದೆ’ ಎಂದು ಸಂತೋಷಪಡುತ್ತಿದ್ದಾಗಲೇ ನಮ್ಮ ಸ್ವಂತ ಮಹಶೀರ್ ಕೈಬಿಟ್ಟು ಹೋಗುತ್ತಿತ್ತು.

2018ರಲ್ಲಿ ಭಾರತ ಮತ್ತು ಇಂಗ್ಲೆಂಡಿನ ಸಂಶೋಧಕರು, ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್ ನದಿಯಲ್ಲಿ ಸಿಕ್ಕ ಡುಬ್ಬದ ಮಹಶೀರಿನ ಶರೀರದ ಅಳತೆಗಳನ್ನೂ ಮೈಟೋಕಾಂಡ್ರಿಯಾದ ಡಿಎನ್‌ಎಯನ್ನೂ ಪರೀಕ್ಷಿಸಿದರು. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ‘ಟಾರ್ ರೆಮಾದೇವಿ’ ಎಂದು ಹೆಸರಿಸಲಾಗಿದ್ದ ಮೀನೇ ಇದು ಎಂದು ತೀರ್ಮಾನವಾಯಿತು. ಹೆಸರಿಲ್ಲದ ಜೀವಿ ಅಪಾಯದ ಪಟ್ಟಿಗೆ ಸೇರಲಾಗದು. ಹೆಸರು ಸಿಕ್ಕಿತು, ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿರುವ’ ಜೀವಿ ಎಂದು ದಾಖಲಾಯಿತು. ಈಗ ಯಾವ ಮರಿಯನ್ನು ಎಲ್ಲಿ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಕೇಳುವುದಕ್ಕಾದರೂ ಒಂದು ಆಧಾರ ಇದೆ.

ಈ ವಿದ್ಯೆಗೂ ಮಿತಿಗಳಿವೆ. ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ಎರಡು ಪ್ರಭೇದಗಳ ಬೆರಕೆಯಾಗಿದ್ದರೆ ತಂದೆಯ ಕಡೆಯ ಸುದ್ದಿ ಬಾರ್‌ಕೋಡಿನಲ್ಲಿ ಇರುವುದಿಲ್ಲ. ಇತ್ತೀಚೆಗೆ ಬೇರೆಯಾದ ಪ್ರಭೇದಗಳ ಬರಹ ಒಂದೇ ತೆರನಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಭಂಡಾರದಲ್ಲಿ ಯಾರಾದರೂ ತಪ್ಪು ಹೆಸರು ಬರೆದಿಟ್ಟಿದ್ದರೆ ಯಂತ್ರವೂ ಅದೇ ತಪ್ಪನ್ನು ಹೇಳುತ್ತದೆ. ಆದ್ದರಿಂದ ಜೀವಿಯನ್ನು ಕೈಯಲ್ಲಿ ಹಿಡಿದು, ಕಾಲು, ರೆಕ್ಕೆ, ಹೂವು, ಎಲೆ ನೋಡಿ ಗುರುತಿಸುವ ತಜ್ಞರು ಇಂದಿಗೂ ಬೇಕೇ ಬೇಕು. ನಿಘಂಟು ಮನೆಯಲ್ಲಿದೆ ಎಂದು ಭಾಷೆ ಕಲಿಯುವುದನ್ನು ಬಿಡಲಾಗುತ್ತದೆಯೇ?

ಪ್ರೀತಿಯ ವಿದ್ಯಾರ್ಥಿಗಳೇ, ಇದೆಲ್ಲ ದೊಡ್ಡವರ ಕೆಲಸ ಎಂದು ಕೈಕಟ್ಟಿ ಕೂರಬೇಡಿ. 2008ರಲ್ಲಿ ನ್ಯೂಯಾರ್ಕಿನ ಇಬ್ಬರು ಹೈಸ್ಕೂಲ್ ಹುಡುಗಿಯರು ಅಂಗಡಿ, ಹೋಟೆಲುಗಳಿಂದ ಮೀನಿನ ಸುಮಾರು 60 ಚೂರುಗಳನ್ನು ತಂದು ಗುವೆಲ್ಫ್‌ಗೆ ಕಳಿಸಿದರು. ಗುರುತು ಸಿಕ್ಕ ಚೂರುಗಳಲ್ಲಿ ಕಾಲು ಭಾಗಕ್ಕೆ ತಪ್ಪು ಹೆಸರು ಅಂಟಿಸಲಾಗಿತ್ತು. ದುಬಾರಿ ಬಿಳಿ ಟ್ಯೂನಾ ಎಂದು ಮಾರಿದ್ದು ತಿಲಾಪಿಯಾ, ಅಂದರೆ ನಮ್ಮ ಕೆರೆಗಳ ಜಿಲೇಬಿ ಮೀನು! ಆ ಹುಡುಗಿಯರ ಹತ್ತಿರ ಪ್ರಯೋಗಾಲಯ ಇರಲಿಲ್ಲ. ಸರಿಯಾದ ಒಂದು ಪ್ರಶ್ನೆ ಇತ್ತು.

ನಿಮ್ಮ ಹತ್ತಿರ ಅದಕ್ಕಿಂತ ಹೆಚ್ಚೇ ಇದೆ. ನಾಗರಹೊಳೆಯ ಕಾಡಿನ ಅಂಚಿನಲ್ಲಿ ಬೆಳೆಯುತ್ತಿದ್ದೀರಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ನೆರೆಯಲ್ಲಿ ಜೇನುಕುರುಬರ ನುಡಿ, ಹೀಗೆ ಒಂದೇ ಗಿಡಕ್ಕೆ ಮೂರು ಹೆಸರು ಕೇಳಬಲ್ಲವರು ನೀವು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ವ್ಯವಸ್ಥೆ ಕಾನೂನಿನ ಪ್ರಕಾರ ಇರಬೇಕು. ಹೋಗಿ ವಿಚಾರಿಸಿ. ಹೊಲದಲ್ಲಿ ಹೊಸ ಹುಳು ಕಂಡರೆ ಚಿತ್ರ ತೆಗೆದು, ದಿನಾಂಕ, ಊರು, ಯಾವ ಬೆಳೆ ಎಂದು ಬರೆದು, ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ. ಅಜ್ಜಿ ಹೇಳುವ ಸೊಪ್ಪುಗಳ ಹೆಸರನ್ನು ಎರಡು ಭಾಷೆಗಳಲ್ಲೂ ಬರೆದಿಡಿ. ಆದರೆ ಕಾಡಿನೊಳಗಿಂದ ಅನುಮತಿಯಿಲ್ಲದೆ ಒಂದು ಎಲೆಯನ್ನೂ ತರಬೇಡಿ, ಅದು ಅಪರಾಧ.

ಪೋಷಕರಲ್ಲಿ ಕೊನೆಯದಾಗಿ ಒಂದು ಮಾತು. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡು ಮೆಡಿಕಲ್ ಸೀಟು ಸಿಗದಿದ್ದರೆ ಓದು ವ್ಯರ್ಥವಾಯಿತೆಂದು ಮನೆಯಲ್ಲಿ ಕೂರಿಸಬೇಡಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಕೃಷಿ ವಿಜ್ಞಾನ, ಜೈವಿಕ ತಂತ್ರಜ್ಞಾನ ಇವೆಲ್ಲ ಗೌರವದ ದಾರಿಗಳು, ಮೈಸೂರಿನಷ್ಟು ಹತ್ತಿರದಲ್ಲಿ ಓದಬಹುದಾದ ದಾರಿಗಳು. ಜಗತ್ತಿನಲ್ಲಿ ಇಲ್ಲಿಯವರೆಗೆ ಹೆಸರು ಪಡೆದ ಜೀವಿಗಳು ಸುಮಾರು 15ರಿಂದ 20 ಲಕ್ಷ ಪ್ರಭೇದಗಳು. ಹೆಸರು ಪಡೆಯದವು ಅದಕ್ಕಿಂತ ಹೆಚ್ಚು. ಅವುಗಳಲ್ಲಿ ಕೆಲವು ನಮ್ಮ ಹೊಲದ ಬದುವಿನಲ್ಲೇ ಇರಬಹುದು. ಅವುಗಳ ಬರಹವನ್ನು ಓದುವವರು ನಮ್ಮ ಶಾಲೆಗಳಿಂದಲೂ ಬರಲಿ ಎಂದು ಹಾರೈಸುತ್ತೇನೆ.