ಕರೆಂಟ್ ಒಲೆ ತರಬೇಕೆ, ಬೇಡವೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಗೋಷ್ಠಿಯಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಾರಂಭದಲ್ಲಿ ಒಲೆಯ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಂದು ಸಲಹೆ ಬಂತು. ಸಂಘವೇ ಸಗಟಾಗಿ ಇಂಡಕ್ಷನ್ ಒಲೆಗಳನ್ನು ತರಿಸಿ ಸದಸ್ಯರಿಗೆ ಕೊಡಲಿ, ಹಣವನ್ನು ಹಾಲಿನ ಬಟವಾಡೆಯಲ್ಲಿ ಹತ್ತು ಕಂತಾಗಿ ಹಿಡಿದುಕೊಳ್ಳಲಿ ಎಂದು. "ಕರೆಂಟ್ ಹೇಗೂ ಫ್ರೀ, ಗ್ಯಾಸ್ ಯಾಕೆ ಸುಡಬೇಕು?" ಅಂತ ಬಹಳ ಜನ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದವರೇ. ಆದರೆ ನಮ್ಮ ಮನೆಗೆ ಈ ಒಲೆ 2024ರ ಡಿಸೆಂಬರ್‌ನಲ್ಲೇ ಬಂದಿತ್ತು. ಆದ್ದರಿಂದ ಅನುಭವ ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಹೆಮ್ಮೆಯದನ್ನೂ ಹೇಳುತ್ತೇವೆ, ಬೇಸ್ತು ಬಿದ್ದದ್ದನ್ನೂ ಹೇಳುತ್ತೇವೆ.

ಮೊದಲು, ತಂದದ್ದು ಯಾಕೆ ಅನ್ನುವುದು. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಬೆಳಗಿನ ಜಾವ ನಾವು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವಾಗ ಅವರು ಎದ್ದು ಕಾಫಿಗೆ ಹಾಲಿಡುವುದು ವಾಡಿಕೆ. ಒಂದು ದಿನ ಹಾಲು ಉಕ್ಕಿ ಉರಿ ಆರಿಹೋಗಿದೆ, ಅವರಿಗೆ ತಿಳಿದಿಲ್ಲ. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಾರೆ. ನಾವು ಒಳಗೆ ಕಾಲಿಟ್ಟರೆ ಮನೆ ತುಂಬ ಗ್ಯಾಸಿನ ವಾಸನೆ. ಕೈಯಲ್ಲಿ ಲೈಟರ್ ಹಿಡಿಯಲಿಲ್ಲ, ಸ್ವಿಚ್ ಮುಟ್ಟಲಿಲ್ಲ, ದೇವರು ದೊಡ್ಡವನು. ಅವತ್ತು ರಾತ್ರಿಯೇ ನಮ್ಮ ಯಜಮಾನರು ಅಂದರು, ಹೊತ್ತಿಗೆ ಸರಿಯಾಗಿ ತಾನೇ ಆರುವ ಒಲೆ ಇದೆಯಂತೆ, ತರೋಣ. ಹಾಗೆ ಬಂದದ್ದು ಅದು.

ಈ ಒಲೆಯ ಕೆಲಸವನ್ನು ತಿಳಿದುಕೊಂಡೇ ಕೊಳ್ಳಬೇಕು. ಗಾಜಿನಂಥ ಹಲಗೆಯ ಕೆಳಗೆ ತಾಮ್ರದ ಸುರುಳಿ ಇರುತ್ತದೆ. ಕರೆಂಟ್ ಹರಿದಾಗ ಅದು ಬಲು ಬೇಗ ಅತ್ತಿತ್ತ ಬದಲಾಗುವ ಅಯಸ್ಕಾಂತ ಶಕ್ತಿಯನ್ನು ಹೊರಡಿಸುತ್ತದೆ. ಆ ಶಕ್ತಿ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿಸಿ ತಳವನ್ನು ಕಾಯಿಸುತ್ತದೆ. ಅಂದರೆ ಕಾಯುವುದು ಒಲೆಯಲ್ಲ, ಪಾತ್ರೆ. ಪಾತ್ರೆ ತೆಗೆದರೆ ಕಾವು ನಿಂತಿತು. ಆದರೆ ಪಾತ್ರೆಯ ಬಿಸಿ ಗಾಜಿಗೂ ಇಳಿದಿರುತ್ತದೆ, ತಕ್ಷಣ ಕೈ ಇಡಬಾರದು.

ಈ ಕಾರಣಕ್ಕೇ ಎಲ್ಲ ಪಾತ್ರೆಯೂ ಆಗುವುದಿಲ್ಲ. ಅಯಸ್ಕಾಂತ ಅಂಟುವ ತಳ ಬೇಕು, ತಳ ಸಮತಟ್ಟಾಗಿರಬೇಕು. ಮಕ್ಕಳ ಆಟದ ಅಯಸ್ಕಾಂತ ತಂದು ನಮ್ಮ ಅಡುಗೆಮನೆಯ ಪಾತ್ರೆಗಳಿಗೆಲ್ಲ ಹಿಡಿದು ನೋಡಿದೆವು. ಅಲ್ಯೂಮಿನಿಯಂ ಕುಕ್ಕರ್ ಹೋಯಿತು, ಹಿಂಡಾಲಿಯಂ ಬಾಣಲೆ ಹೋಯಿತು, ಹಿತ್ತಾಳೆ ತಪ್ಪಲೆ, ಮಣ್ಣಿನ ಮಡಕೆ ಹೋಯಿತು. ಸ್ಟೀಲಿನಲ್ಲೂ ಕೆಲವು ಅಂಟಿದವು, ಕೆಲವು ಅಂಟಲಿಲ್ಲ. ಕಬ್ಬಿಣದ ಕಾವಲಿ ಅಂಟಿತು, ಆದರೆ ನಮ್ಮದು ನಡುವೆ ಗುಂಡಿ ಬಿದ್ದ ಹಳೇ ಕಾವಲಿ. ಒಲೆಗೆ ಎರಡು ಸಾವಿರದ ಮುನ್ನೂರು ಕೊಟ್ಟಿದ್ದೆವು, ಕುಕ್ಕರು ಪಾತ್ರೆಗಳಿಗೆ ಮೂರು ಸಾವಿರದ ಹತ್ತಿರ ಆಯಿತು. ಮಾರಿದ ಅಂಗಡಿಯವರು ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಎಲ್ಲ ಪಾತ್ರೆಗೂ ಆಗುತ್ತದೆ ಎನ್ನುವ ಇನ್ಫ್ರಾರೆಡ್ ಒಲೆ ಬೇರೆ ಜಾತಿಯದು. ಅದರಲ್ಲಿ ತಂತಿ ಕೆಂಪಗೆ ಕಾದು ಹಲಗೆಯನ್ನೇ ಕಾಯಿಸುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಇನ್ನು ನಮ್ಮ ಸೀಮೆಯ ಮುದ್ದೆ. ಎಸರು ಕುದಿಸಿ, ಹಿಟ್ಟು ಹಾಕಿ ಬೇಯಿಸುವ ತನಕ ಇಂಡಕ್ಷನ್ ಒಲೆ ಚೆನ್ನಾಗಿಯೇ ಬರುತ್ತದೆ. ಆದರೆ ಅದರ ಮೇಲೇ ಕೋಲು ಹಾಕಿ ಬಲ ಬಿಟ್ಟು ತೊಳಸಿದಿರೋ, ಗಾಜು ಸೀಳುತ್ತದೆ. ಕೆಳಗಿಳಿಸಿಯೇ ತೊಳಸಬೇಕು. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ರೊಟ್ಟಿಯನ್ನು ಉರಿಯಲ್ಲಿ ಉಬ್ಬಿಸುವುದು ಇದರಲ್ಲಿ ಇಲ್ಲ. ಉರಿಯೇ ಇಲ್ಲವಲ್ಲ!

ಈಗ ಎಲ್ಲರೂ ಕಾಯುತ್ತಿರುವ ಲೆಕ್ಕಕ್ಕೆ ಬರೋಣ.

ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. "200 ಯೂನಿಟ್ ಫ್ರೀ" ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಆದರೆ ಎಲ್ಲರಿಗೂ 200 ಫ್ರೀ ಅಲ್ಲ, ತಾಯಂದಿರೇ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಆ ಮನೆಯ ಪಾಲು ಗೊತ್ತುಮಾಡಿದರು. ನಮ್ಮ ಸರಾಸರಿ 62 ಇತ್ತು, ನೂರಕ್ಕೆ ಹತ್ತರಂತೆ ಸೇರಿಸಿ 68 ಯೂನಿಟ್ ನಮ್ಮ ಪಾಲು. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ನಮಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಲೆಕ್ಕ ಹಾಕಿರಲಿಲ್ಲ. ಮೊದಲ ತಿಂಗಳು ಹೊಸ ಉತ್ಸಾಹ. ಹಾಲು, ಅನ್ನ, ಅವರೆಕಾಳು ಸಾರು, ದೋಸೆ ಎಲ್ಲವೂ ಅದರಲ್ಲೇ. 171 ಯೂನಿಟ್ ಬಂತು. 103 ಯೂನಿಟ್ಟಿಗೆ ಆರುನೂರ ಅರವತ್ತು ರೂಪಾಯಿ ಆಸುಪಾಸು ಕಟ್ಟಿದೆವು. ಸೊನ್ನೆ ಬಿಲ್ಲು ನೋಡಿ ಅಭ್ಯಾಸವಾಗಿದ್ದ ಮನೆ! "ಪುಕ್ಕಟೆ ಬರ್ತಿದ್ದ ಕರೆಂಟಿಗೂ ಕಲ್ಲು ಹಾಕಿದ್ರಲ್ಲ" ಅಂದರು ಅತ್ತೆ. ಆಮೇಲೆ ಬಂತು ನೋಡಿ ಬೇಸಿಗೆ. ಫ್ಯಾನು ಹಗಲೂ ರಾತ್ರಿ ತಿರುಗಿತು, ನೆಂಟರು ಬಂದರು, ಒಲೆ ನಿಲ್ಲಲಿಲ್ಲ. 2025ರ ಏಪ್ರಿಲ್ ಬಳಕೆ 204 ಯೂನಿಟ್. ಪೂರ್ತಿ ಬಿಲ್ಲು ಬಿತ್ತು, ಸಾವಿರದ ಐನೂರು ಮುಟ್ಟಿತು. ನಾಲ್ಕು ಯೂನಿಟ್ ಕಡಿಮೆ ಸುಟ್ಟಿದ್ದರೆ ನಮ್ಮ ಪಾಲಿನ 68 ಯೂನಿಟ್ ಉಳಿಯುತ್ತಿತ್ತು. ಮಜ್ಜಿಗೆಯಲ್ಲಿ ಹೋದದ್ದನ್ನು ಬೆಣ್ಣೆಯಲ್ಲಿ ಕಟ್ಟಿದ ಹಾಗಾಯಿತು.

ಅವತ್ತು ನಮ್ಮ ಮಗಳು ಪುಸ್ತಕ ಹಿಡಿದು ಕೂತಳು. ಅವಳು ಹೇಳಿಕೊಟ್ಟ ಲೆಕ್ಕ ನಿಮಗೂ ಹೇಳುತ್ತೇವೆ. ಒಂದು ಕಿಲೋ ಗ್ಯಾಸಿನಲ್ಲಿರುವ ಶಾಖ ಹನ್ನೆರಡೂ ಮುಕ್ಕಾಲು ಯೂನಿಟ್ ಕರೆಂಟಿಗೆ ಹತ್ತಿರ ಸಮ. ಹಾಗಾದರೆ 14.2 ಕಿಲೋ ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್ಟಿನ ಶಾಖ. ಗ್ಯಾಸ್ ಒಲೆಯಲ್ಲಿ ನೂರಕ್ಕೆ ಅರವತ್ತು ಪಾಲಿನಷ್ಟು ಪಾತ್ರೆಗೆ ಮುಟ್ಟುತ್ತದೆ, ಮಿಕ್ಕದ್ದು ಅಕ್ಕಪಕ್ಕ ಹೋಗಿ ಅಡುಗೆಮನೆ ಕಾಯುತ್ತದೆ. ಇಂಡಕ್ಷನ್‌ನಲ್ಲಿ ನೂರಕ್ಕೆ ಎಂಬತ್ತೈದರಷ್ಟು ಮುಟ್ಟುತ್ತದೆ. ಭಾಗಿಸಿ ನೋಡಿದರೆ ಒಂದು ಸಿಲಿಂಡರಿನ ಅಡುಗೆಗೆ ಸುಮಾರು 130 ಯೂನಿಟ್ ಕರೆಂಟ್ ಬೇಕು.

ಇಷ್ಟು ನೆನಪಿಟ್ಟರೆ ಸಾಕು. ನಿಮ್ಮ ಮನೆಗೆ ಬರುವ ಸಿಲಿಂಡರ್ ಬೆಲೆಯನ್ನು 130ರಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಯೂನಿಟ್ಟಿನ ದರ ಕಡಿಮೆ ಇದ್ದರೆ ಕರೆಂಟ್ ಲಾಭ, ಹೆಚ್ಚಿದ್ದರೆ ಗ್ಯಾಸ್ ಲಾಭ. 2025ರ ಏಪ್ರಿಲ್‌ನಲ್ಲಿ ಸಿಲಿಂಡರ್ ಮೇಲೆ 50 ರೂಪಾಯಿ ಏರಿ ಬೆಂಗಳೂರಿನಲ್ಲಿ 855 ರೂಪಾಯಿ ಚಿಲ್ಲರೆ ಆಯಿತು. ಭಾಗಿಸಿದರೆ ಆರೂವರೆ ರೂಪಾಯಿ. ಆಗ ತೆರಿಗೆ ಸೇರಿ ಯೂನಿಟ್ಟಿಗೆ ಬೀಳುತ್ತಿದ್ದದ್ದೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಪಾಲು ಮೀರಿದ ಯೂನಿಟ್ಟಿನಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. 200 ದಾಟಿದಿರೋ, ನಷ್ಟವೇ. ದರಗಳು ಬದಲಾಗುತ್ತಿರುತ್ತವೆ, ಭಾಗಿಸುವುದು ಮಾತ್ರ ಬದಲಾಗುವುದಿಲ್ಲ.

ಹಣದಷ್ಟೇ ಮುಖ್ಯವಾದದ್ದು ಮನೆಯ ತಂತಿ. ಎರಡು ಸಾವಿರ ವ್ಯಾಟಿನ ಒಲೆ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಲೈಟು, ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ 5-6 ಆಂಪಿಯರ್‌ನದು. ನಾವು ಅದಕ್ಕೇ ಅಡಾಪ್ಟರ್ ಸಿಕ್ಕಿಸಿ ಹದಿನೈದು ದಿನ ಅಡುಗೆ ಮಾಡಿದೆವು. ಒಂದು ಸಂಜೆ ಸುಟ್ಟ ವಾಸನೆ ಬಂತು, ನೋಡಿದರೆ ಪ್ಲಗ್ಗು ಕಪ್ಪಾಗಿ ಕರಗುತ್ತಿದೆ. ಗ್ಯಾಸಿನ ಅಪಾಯಕ್ಕೆ ಹೆದರಿ ಬೆಂಕಿಯ ಅಪಾಯವನ್ನು ಮನೆಗೆ ತಂದುಕೊಂಡಿದ್ದೆವು. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಬೋರ್ಡಿನಿಂದ ನೇರವಾಗಿ ದಪ್ಪ ತಾಮ್ರದ ತಂತಿ ಎಳೆಸಿದೆವು. 16 ಆಂಪಿಯರ್ ಸಾಕೆಟ್ಟು, ಎಂಸಿಬಿ ಹಾಕಿಸಿ, ಇದ್ದಿಲು ಉಪ್ಪು ತುಂಬಿ ಹೊಸದಾಗಿ ಅರ್ಥಿಂಗ್ ಮಾಡಿಸಿದೆವು. ಎರಡು ಸಾವಿರದ ಎಂಟುನೂರು ಖರ್ಚು. ಮನೆಗೆ ಮಂಜೂರಾದ ಲೋಡು ಎಷ್ಟು ಅನ್ನುವುದೂ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ, ನೋಡಿಕೊಳ್ಳಿ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟಿರುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಈ ಒಲೆ ತರಬೇಡಿ.

ಇಲ್ಲೊಂದು ಮಾತನ್ನು ಎಲ್ಲರೂ ಕಿವಿಗೊಟ್ಟು ಕೇಳಬೇಕು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡ ಮನೆಗಳಿಗೂ ಗ್ಯಾಸ್ ಬಂತು, ನಿಜ. ಆದರೂ ಸಿಲಿಂಡರ್ ತುಂಬಿಸಲು ದುಡ್ಡು ಹೊಂದದೆ ಸೌದೆಗೇ ಮರಳಿದ ಮನೆಗಳು ನಮ್ಮ ಕೇರಿಗಳಲ್ಲಿ ಇವೆ. ಹೊಗೆ ಕುಡಿಯುತ್ತಿರುವ ಆ ಅಕ್ಕಂದಿರಿಗೇ ಈ ಒಲೆ ಹೆಚ್ಚು ಬೇಕಾದದ್ದು. ಆದರೆ ಅವರ ಮನೆಗಳಲ್ಲೇ ತಂತಿ ಸಣ್ಣದು, ಅರ್ಥಿಂಗ್ ಇಲ್ಲ, ಉಚಿತದ ಪಾಲೂ ಚಿಕ್ಕದು. ಅವರಿಗೆ ಸೌದೆ ಪುಕ್ಕಟೆ, ಕರೆಂಟಿಗೆ ಮಾತ್ರ ದುಡ್ಡು. ಬರೀ ಒಲೆ ಕೊಟ್ಟು ಕಂತು ಹಿಡಿದರೆ ಅವರಿಗೆ ಉಪಕಾರ ಮಾಡಿದಂತೆ ಆಗುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಊರೂರಿಗೆ ಬಂದದ್ದು ಹಿರಿಯರಿಗೆ ನೆನಪಿರಬಹುದು. ಒಳ್ಳೇ ಒಲೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿತ್ತು. ಆದರೆ ಕೊಳವೆಯ ಮಸಿ ತೆಗೆಯದೆ ಬಿಟ್ಟ ಮನೆಗಳಲ್ಲಿ ಅದು ಮೂಲೆ ಸೇರಿದ್ದನ್ನು ನಾವು ಕಂಡಿದ್ದೇವೆ. ಒಲೆ ಕೊಡುವುದು ಸುಲಭ, ಅದು ಉರಿಯುವಂತೆ ನೋಡಿಕೊಳ್ಳುವುದು ಕಷ್ಟ.

ಹಾಗಾದರೆ ನಿಮ್ಮ ಮನೆಯಲ್ಲಿ ಈಗ ಏನು ಅಂತ ಕೇಳುತ್ತೀರಿ. ಇಂಡಕ್ಷನ್ ಒಲೆ ಇದೆ, ಗ್ಯಾಸೂ ಇದೆ. ಬೆಳಗಿನ ಹಾಲು, ಕಾಫಿ, ಅನ್ನ ಕರೆಂಟಿನಲ್ಲಿ. ಒಂದು ಲೀಟರ್ ಹಾಲು ಕಾಯಲು ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲು ಸಾಕು. ರೊಟ್ಟಿ, ಮುದ್ದೆ, ಒಗ್ಗರಣೆ ಗ್ಯಾಸಿನಲ್ಲಿ. ಸ್ನಾನದ ನೀರಿಗೆ ತೆಂಗಿನ ಗರಿ ಉರಿಸುವ ಹಂಡೆ ಒಲೆಯೇ. ಪ್ರತಿ ಭಾನುವಾರ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ತಿಂಗಳಿಗೆ 120-125 ಬರುತ್ತದೆ, ಪಾಲಿನ ಮೇಲಿನ ಐವತ್ತು ಚಿಲ್ಲರೆ ಯೂನಿಟ್ಟಿಗೆ ಹಣ ಕಟ್ಟುತ್ತೇವೆ. ಮುಂಚೆ ಮೂವತ್ತೆರಡು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಐವತ್ತು ದಿನ ದಾಟುತ್ತದೆ. ಹಣ ಉಳಿಯಿತೇ? ಇಲ್ಲ. ಅತ್ತೆಯವರು ಒಲೆಯ ಹತ್ತಿರ ಒಬ್ಬರೇ ಇದ್ದರೂ ಈಗ ನಾವು ಕೊಟ್ಟಿಗೆಯಲ್ಲಿ ನಿಶ್ಚಿಂತೆಯಿಂದ ಹಾಲು ಕರೆಯುತ್ತೇವೆ. ನಮಗೆ ಸಿಕ್ಕ ಲಾಭ ಅದೊಂದೇ, ಅದು ಸಣ್ಣದಲ್ಲ. ನಿಮ್ಮ ಮನೆಯ ಕಾರಣ ಬೇರೆ ಇರಬಹುದು. ಕಾರಣ ಇದ್ದರೆ ತನ್ನಿ, ಬರೀ ಫ್ರೀ ಅಂತ ತರಬೇಡಿ. ಮತ್ತೆ, ಯಾರು ಅಡುಗೆ ಮಾಡುತ್ತಾರೋ ಅವರನ್ನು ಕೇಳಿ ತನ್ನಿ.

ಕೊನೆಯದಾಗಿ ಆಡಳಿತ ಮಂಡಳಿಗೆ ನಮ್ಮ ಮೂರು ಸಲಹೆ.

ಒಂದು, ನೂರು ಒಲೆ ಒಟ್ಟಿಗೆ ಕೊಳ್ಳುವುದು ಬೇಡ. ಮೊದಲು ಎರಡು ಒಲೆ, ತಕ್ಕ ಪಾತ್ರೆ ಸಮೇತ ಸಂಘದಲ್ಲಿ ಇಡೋಣ. ವೈರಿಂಗ್ ಸರಿಯಿರುವ ಮನೆಯವರು ಸರದಿಯಂತೆ ಒಂದೊಂದು ವಾರ ಒಯ್ಯಲಿ, ಮೀಟರಿನ ಅಂಕಿ ಬರೆದು ತರಲಿ.

ಎರಡು, ಸಾಲ ಕೊಡುವುದಾದರೆ ಮೊದಲು ವೈರಿಂಗಿಗೆ, ಅರ್ಥಿಂಗಿಗೆ ಕೊಡಿ. ಒಲೆಯ ಸಾಲ ಆಮೇಲೆ.

ಮೂರು, ಸೌದೆಯಲ್ಲೇ ಅಡುಗೆ ಮಾಡುವ ಸದಸ್ಯರ ಪಟ್ಟಿ ಮಾಡಿ, ಅವರಿಗೆ ಮೊದಲ ಸರದಿ, ಹಗುರವಾದ ಕಂತು. ದನ ಸಾಕಿರುವವರಲ್ಲಿ ಗೋಬರ್ ಗ್ಯಾಸ್ ಆಗುವ ಮನೆ ಯಾವುದು ಅನ್ನುವುದನ್ನೂ ಅದೇ ಪಟ್ಟಿಯಲ್ಲಿ ಗುರುತಿಸಿ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ರೈತ ಸಾಲದ ಶೂಲಕ್ಕೆ ಬೀಳದಿರಲಿ ಎಂದು. ನಮ್ಮ ಸಂಘವೂ ಯಾರಿಗೂ ಬೇಡದ ಸಾಲ ಹೊರಿಸದಿರಲಿ. ಇಪ್ಪತ್ತೈದು ವರ್ಷ ಈ ಸಂಘದಲ್ಲಿ ಫ್ಯಾಟ್ ನೋಡದೆ, ಡಿಗ್ರಿ ನೋಡದೆ ಒಂದು ಲೀಟರ್ ಹಾಲಿಗೂ ದರ ಬರೆದಿಲ್ಲ. ಮನೆಯ ಮೀಟರ್ ನೋಡದೆ ಒಲೆ ಕೊಳ್ಳುವುದು ಯಾಕೆ?