ಜೋಳದ ತೆನೆಯೂ ಪೊರಕೆಯ ಕಸುಬೂ



ಬಿಜಾಪುರ, ರಾಯಚೂರು ಸೀಮೆಗಳ ಎರೆನೆಲದಲ್ಲಿ ಬೆಳೆದು, ರೊಟ್ಟಿಯಾಗಿ ನಮ್ಮ ಜನರನ್ನು ತಲೆತಲಾಂತರದಿಂದ ಪೋಷಿಸಿಕೊಂಡು ಬಂದಿರುವ ಜೋಳಕ್ಕೆ ದೂರದೇಶದಲ್ಲಿ ಒಬ್ಬ ದಾಯಾದಿಯುಂಟು. ಕಾಳಿನ ಆಸೆಯಿಂದಲ್ಲದೆ ಕೇವಲ ತೆನೆಯ ಕಡ್ಡಿಗಳಿಗಾಗಿಯೇ ಬಿತ್ತಲ್ಪಡುವ ಆ ತಳಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪೊರಕೆಯೆಂಬ ಸಾಮಾನ್ಯ ವಸ್ತುವನ್ನು ಒಂದು ಸುಸಂಸ್ಕೃತ ಕಸುಬಿನ ಪದವಿಗೆ ಏರಿಸಿದ ಬಗೆಯನ್ನೂ, ಆ ಕಸುಬನ್ನು ಅಲ್ಲಿಯ ಜನ ಒಬ್ಬರಿಂದೊಬ್ಬರು ಕಲಿತುಕೊಂಡು ಬಂದ ಪರಿಯನ್ನೂ ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಮನುಷ್ಯನು ತನ್ನ ಸುತ್ತಲಿನ ಸಸ್ಯಸಂಪತ್ತು ಏನನ್ನು ಕೊಟ್ಟಿತೋ ಅದರಿಂದಲೇ ಪೊರಕೆಯನ್ನು ಕಟ್ಟಿಕೊಂಡನು. ನಮ್ಮ ಕರಾವಳಿಯವರು ತೆಂಗಿನ ಮಡಲಿನ ಒಂದೊಂದು ಗರಿಯನ್ನೂ ಸೀಳಿ, ಕತ್ತಿಯಿಂದ ಹಸುರನ್ನು ಹೆರೆದು, ಉಳಿದ ಕಡ್ಡಿಗಳನ್ನು ಒಟ್ಟುಗೂಡಿಸಿ ಹಿಡಿಸೂಡಿಯನ್ನು ಮಾಡುತ್ತಾರೆ. ಬಯಲುಸೀಮೆಯವರು ಈಚಲ ಗರಿಯಿಂದ ಕಟ್ಟಿದ ಪೊರಕೆಯನ್ನು ಬಳಸುತ್ತಾರೆ. ಇಂಗ್ಲೆಂಡಿನ ಹಳ್ಳಿಗರು ಬರ್ಚ್ ಮರದ ಸಣ್ಣ ರೆಂಬೆಗಳನ್ನು ಕೋಲಿನ ತುದಿಗೆ ಬಿಗಿದು ಅಂಗಳವನ್ನು ಗುಡಿಸುತ್ತಿದ್ದರು. ಅಮೆರಿಕಕ್ಕೆ ವಲಸೆಹೋದ ಯೂರೋಪಿಯನ್ನರೂ ಮೊದಮೊದಲು ಇಂತಹ ರೆಂಬೆಯ ಪೊರಕೆಗಳನ್ನೇ ಬಳಸಿದರು. ಅವು ಹೊರಾಂಗಣಕ್ಕೆ ಒದಗಿದರೂ ಮನೆಯೊಳಗಿನ ಹಲಗೆಯ ನೆಲದ ಸಂದುಗಳಲ್ಲಿನ ನಯವಾದ ಧೂಳನ್ನು ತೆಗೆಯಲಾರದೆ ಹೋದವು.

ಈ ಕೊರತೆಯನ್ನು ನೀಗಿದ್ದು ಆಫ್ರಿಕದಲ್ಲಿ ಹುಟ್ಟಿ, ಸಹಸ್ರಾರು ವರ್ಷಗಳ ಹಿಂದೆಯೇ ನಮ್ಮ ದೇಶಕ್ಕೂ ಬಂದು ನೆಲೆಸಿದ ಜೋಳದ ಕುಲ. ನಮ್ಮ ಬಿಳಿಜೋಳದ ತೆನೆ ಕಾಳುಗಳಿಂದ ಇಡಿಕಿರಿದು ಮುಷ್ಟಿಯಂತೆ ಗಟ್ಟಿಯಾಗಿರುವುದನ್ನು ತಾವೆಲ್ಲ ಬಲ್ಲಿರಿ. ಪೊರಕೆಜೋಳದಲ್ಲಾದರೋ ತೆನೆಯ ನಡುದಂಟು ಗಿಡ್ಡಾಗಿ, ಅದರಿಂದ ಹೊರಟ ಕವಲುಗಳು ಒಂದು ಒಂದೂವರೆ ಅಡಿಯುದ್ದಕ್ಕೆ ನೀಳವಾಗಿ ಚಾಚಿಕೊಂಡು, ಅವುಗಳ ತುದಿಯಲ್ಲಿ ಮಾತ್ರ ಕಾಳು ನಿಲ್ಲುತ್ತದೆ. ಇಟಲಿಯಲ್ಲಿ ಮೊದಲೇ ಬಳಕೆಯಲ್ಲಿದ್ದ ಈ ಬೆಳೆಯನ್ನು ಅಮೆರಿಕಕ್ಕೆ ತಂದ ಕೀರ್ತಿಯನ್ನು ಅಲ್ಲಿಯ ಜನ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಸಲ್ಲಿಸುತ್ತಾರೆ. ಆದರೆ ಅದು ಉದ್ಯಮವಾದದ್ದು 1797ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಹ್ಯಾಡ್ಲಿ ಎಂಬ ಊರಿನ ರೈತ ಲೀವೈ ಡಿಕಿನ್ಸನ್ನನು ಅದನ್ನು ಬೆಳೆದು, ತೆನೆಗಳನ್ನು ಕಟ್ಟಿ, ಸುತ್ತಲ ಊರುಗಳಲ್ಲಿ ಮಾರತೊಡಗಿದಂದಿನಿಂದ.

ಡಿಕಿನ್ಸನ್ನನ ಪೊರಕೆಯೂ ದುಂಡಗೇ ಇತ್ತು. ಅದಕ್ಕೆ ಇಂದಿನ ಚಪ್ಪಟೆಯ ಆಕಾರವನ್ನು ಕೊಟ್ಟವನು, ನ್ಯೂಯಾರ್ಕ್ ಸಂಸ್ಥಾನದ ವಾಟರ್‌ವ್ಲೀಟಿನಲ್ಲಿದ್ದ ಶೇಕರ್ ಪಂಥದ ಥಿಯೋಡೋರ್ ಬೇಟ್ಸನೆಂದು ಪ್ರತೀತಿ. ಕಡ್ಡಿಗಳ ಕಟ್ಟನ್ನು ಮರದ ಇಕ್ಕಳದ ನಡುವೆ ಅದುಮಿ ಚಪ್ಪಟೆ ಮಾಡಿ, ಸೂಜಿದಾರದಿಂದ ಅಡ್ಡಡ್ಡಲಾಗಿ ಹೊಲಿದುಬಿಟ್ಟರೆ ಅದು ಮತ್ತೆ ದುಂಡಗಾಗದು, ಒಮ್ಮೆ ಬೀಸಿದರೆ ಅಗಲವಾದ ನೆಲವನ್ನು ಬಳಿಯುತ್ತದೆ, ಮೂಲೆಗೂ ಸಲೀಸಾಗಿ ಹೊಗುತ್ತದೆ. ಇಷ್ಟು ಸರಳವಾದ ಉಪಾಯವು ಅಷ್ಟು ಕಾಲ ಯಾರಿಗೂ ಹೊಳೆಯದೆ ಹೋದದ್ದನ್ನು ನೆನೆದರೆ ನನಗೆ ಇಂದಿಗೂ ಬೆರಗಾಗುತ್ತದೆ.

ಆ ಉಪಾಯ ಶೇಕರರಲ್ಲಿಯೇ ಹುಟ್ಟಿದ್ದು ಮಾತ್ರ ಆಶ್ಚರ್ಯವಲ್ಲ. 1774ರಲ್ಲಿ ಆನ್ ಲೀ ಎಂಬ ಮಹಿಳೆಯ ನೇತೃತ್ವದಲ್ಲಿ ಇಂಗ್ಲೆಂಡಿನಿಂದ ಬಂದ ಈ ಪಂಥದವರು ಆಸ್ತಿಯನ್ನು ಸಮಾನವಾಗಿ ಅನುಭವಿಸುತ್ತ, ಬ್ರಹ್ಮಚರ್ಯವನ್ನು ಪಾಲಿಸುತ್ತ, ಕೈಯ ಕೆಲಸವನ್ನೇ ಆರಾಧನೆಯೆಂದು ಬಗೆದಿದ್ದರು. ಶುಚಿತ್ವ ಅವರಿಗೆ ಧರ್ಮದ ಅಂಗ. ಗೋಡೆಯುದ್ದಕ್ಕೂ ಬಡಿದ ಮರದ ಗೂಟಗಳಿಗೆ ಕುರ್ಚಿಗಳನ್ನೇ ತೂಗುಹಾಕಿ ನೆಲವನ್ನು ಗುಡಿಸುತ್ತಿದ್ದವರು ಅವರು. ಹೆತ್ತ ಮಕ್ಕಳಿಲ್ಲದ ಆ ಸಮುದಾಯದಲ್ಲಿ ಕಸುಬು ತಂದೆಯಿಂದ ಮಗನಿಗೆ ಇಳಿಯುವ ಮಾರ್ಗವೇ ಇರಲಿಲ್ಲ. ಆಶ್ರಯಕ್ಕೆ ಬಂದ ಅನಾಥ ಬಾಲಕರೂ ಹೊಸದಾಗಿ ಪಂಥವನ್ನು ಸೇರಿದ ವಯಸ್ಕರೂ ಬಲ್ಲವರ ಪಕ್ಕದಲ್ಲಿ ನಿಂತು ಅದನ್ನು ಕಲಿಯಬೇಕಾಗಿತ್ತು. ಹನ್ನೆರಡನೆಯ ಶತಮಾನದ ನಮ್ಮ ಶಿವಶರಣೆ ಸತ್ಯಕ್ಕನು ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡದ್ದನ್ನು ಬಲ್ಲ ಕನ್ನಡಿಗರಿಗೆ ಶೇಕರರ ಈ ಮನೋಧರ್ಮ ಅಪರಿಚಿತವೆನಿಸಲಾರದು.

ಈಗ ಆ ಕಲಿಕೆಯನ್ನು ಒಂದಿಷ್ಟು ಸಮೀಪದಿಂದ ನೋಡೋಣ. ಕಾಳು ಬಲಿಯುವ ಮೊದಲೇ, ಕಡ್ಡಿ ಇನ್ನೂ ಹಸುರಾಗಿ ಬಳುಕುವಾಗಲೇ ತೆನೆಯನ್ನು ಕೊಯ್ಯಬೇಕು. ತಡವಾದರೆ ಕಡ್ಡಿ ಕೆಂಪಡರಿ ಮುರುಕಲಾಗುತ್ತದೆ. ನೆರಳಿನಲ್ಲಿ ಒಣಗಿಸಿ, ಹಲ್ಲಿನ ಹಣಿಗೆಯಲ್ಲಿ ಎಳೆದು ಕಾಳನ್ನು ಉದುರಿಸಿ, ಕಟ್ಟುವ ಮುನ್ನ ನೀರಿನಲ್ಲಿ ನೆನೆಸಿ ಮೆತುಗೊಳಿಸಬೇಕು. ದಾರವನ್ನು ಕಾಲ ಕೆಳಗಿನ ಉರುಳೆಗೆ ಸುತ್ತಿ, ಅದನ್ನು ಪಾದದಿಂದ ಒತ್ತಿಹಿಡಿದು, ಎದುರಿನ ಕೋಲನ್ನು ಎರಡು ಕೈಗಳಿಂದಲೂ ತಿರುಗಿಸುತ್ತ ಕಡ್ಡಿಗಳನ್ನು ಪದರಪದರವಾಗಿ ಸೇರಿಸಿಕೊಳ್ಳುವರು: ಒಳಗೆ ಮೋಟು ಕಡ್ಡಿಗಳು, ಇಕ್ಕೆಲದಲ್ಲಿ ಭುಜಗಳಂತೆ ನಿಲ್ಲುವ ಕಡ್ಡಿಗಳು, ಎಲ್ಲಕ್ಕೂ ಮೇಲೆ ನೀಳವೂ ನಯವೂ ಆದ ಕಡ್ಡಿಗಳ ಹೊದಿಕೆ. ಪಾದ ಕ್ಷಣಮಾತ್ರ ಸಡಿಲಿದರೂ ಆವರೆಗಿನ ಸುತ್ತೆಲ್ಲ ಸಡಿಲುತ್ತದೆ; ಅತಿಯಾಗಿ ಬಿಗಿದರೆ ದಾರವು ಕಡ್ಡಿಯನ್ನೇ ಕತ್ತರಿಸುತ್ತದೆ. ಎಷ್ಟು ಬಿಗಿ ಸರಿಯಾದ ಬಿಗಿ ಎಂಬುದನ್ನು ಯಾವ ಗ್ರಂಥವೂ ಹೇಳಲಾರದು. ಬಲ್ಲವನು ಸುತ್ತುವಾಗ ದಾರದ ಮೇಲೆ ಬೆರಳಿಟ್ಟು ನೋಡಿ, ತಾನು ಸುತ್ತುವಾಗಲೂ ಆ ಬಿಗಿ ಬಂದಿದೆಯೇ ಎಂದು ಹೋಲಿಸಿಕೊಂಡೇ ಅದನ್ನು ಅರಿಯಬೇಕು.

ಮುಂದೆ ಯಂತ್ರಗಳು ಬಂದವು. ಬೆಳೆಯು ಪಶ್ಚಿಮಕ್ಕೆ ಸರಿಯುತ್ತ ಇಲಿನಾಯ್, ಕಾನ್ಸಾಸ್, ಓಕ್ಲಹೋಮಗಳನ್ನು ಮುಟ್ಟಿತು. ಕೊಯ್ಲಿಗೆ ಕೈಗಳೇ ಬೇಕಾದ ಬೆಳೆಯಾದುದರಿಂದ ಕೂಲಿ ದುಬಾರಿಯಾದಂತೆಲ್ಲ ಗಡಿ ದಾಟಿ ಮೆಕ್ಸಿಕೋ ಸೇರಿತು. ಕೈಕಸುಬು ಮಾತ್ರ ಅಳಿಯಲಿಲ್ಲ. ಕೆಂಟಕಿ ಸಂಸ್ಥಾನದ ಬೆರಿಯಾ ಕಾಲೇಜಿನಲ್ಲಿ 1920ರಿಂದ ಅದಕ್ಕೊಂದು ಶಾಲೆಯೇ ನಡೆದಿದೆ. ಬೋಧನಶುಲ್ಕವನ್ನು ತೆಗೆದುಕೊಳ್ಳದ ಆ ವಿದ್ಯಾಲಯದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆಗಳ ಕಾಲ ದುಡಿಯಬೇಕೆಂಬ ನಿಯಮವುಂಟು. ಆ ದುಡಿಮೆಯ ಬಗೆಗಳಲ್ಲಿ ಪೊರಕೆ ಕಟ್ಟುವುದೂ ಒಂದು. ಗಣಿತವನ್ನೋ ಇತಿಹಾಸವನ್ನೋ ಓದುವ ಯುವಕ ಯುವತಿಯರು ಅಲ್ಲಿ ಕೋಲು ಹಿಡಿದು ಕಡ್ಡಿ ಸುತ್ತುತ್ತಾರೆ.

ನಮ್ಮಲ್ಲಿಯೂ ಈ ವಿದ್ಯೆಗೆ ಕೊರತೆಯಿಲ್ಲ. ಸಂತೆಯಲ್ಲಿ ಈಚಲ ಪೊರಕೆಗಳನ್ನು ಒಟ್ಟಿಕೊಂಡು ಕುಳಿತ ಹೆಂಗಸಿನ ಬೆರಳುಗಳಲ್ಲಿ ಬೇಟ್ಸನ ಬೆರಳುಗಳಿಗಿಂತ ಕಡಮೆಯ ಜ್ಞಾನವಿದೆಯೆಂದು ನಾನು ನಂಬಲಾರೆ. ಪೊರಕೆಯನ್ನು ಕಾಲಿನಿಂದ ತುಳಿಯಬಾರದು, ಅದು ಲಕ್ಷ್ಮಿ ಎಂದು ಮಕ್ಕಳಿಗೆ ಹೇಳಿಕೊಡುವ ನಾವು ಅದನ್ನು ಕಟ್ಟಿದವರನ್ನು ಮಾತ್ರ ಮನೆಯ ಹೊಸಿಲಾಚೆಗೇ ನಿಲ್ಲಿಸಿದ್ದೇವೆ. ಅವರ ಮಕ್ಕಳು ಈ ಕಸುಬಿನಿಂದ ವಿಮುಖರಾಗುತ್ತಿದ್ದರೆ ಅದಕ್ಕೆ ಆದಾಯದ ಅಲ್ಪತೆಯಷ್ಟೇ ಈ ಅವಮಾನವೂ ಕಾರಣ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ, ಊರಿನ ಕಸುಬೇ ಪಾಠದ ಕೇಂದ್ರವಾಗಲೆಂದು ಬಯಸಿದರು. ತೆಂಗು ಬೆಳೆಯುವ ಊರಿನ ಶಾಲೆಗೆ ಹಿಡಿಸೂಡಿ ಕಟ್ಟಬಲ್ಲ ಅಜ್ಜಿಯನ್ನೂ, ಈಚಲು ಬೆಳೆಯುವ ಊರಿನ ಶಾಲೆಗೆ ಸಂತೆಯ ಆ ಹೆಂಗಸನ್ನೂ ವಾರಕ್ಕೊಮ್ಮೆ ಉಪಾಧ್ಯಾಯರೆಂಬ ಗೌರವದಿಂದ ಕರೆದು, ಉಪಾಧ್ಯಾಯರಿಗೆ ಸಲ್ಲುವ ಸಂಬಳವನ್ನೇ ಕೊಟ್ಟು ಕೂರಿಸುವುದಕ್ಕೆ ದೊಡ್ಡ ಕಟ್ಟಡವಾಗಲಿ ವಿದೇಶದ ಬೀಜವಾಗಲಿ ಬೇಕಾಗಿಲ್ಲ. ಒಂದು ಚಾಪೆ, ಒಂದು ಕತ್ತಿ, ನಾಲ್ಕು ಮಡಲು ಸಾಕು.