ಕಾದಂಬರಿಯಲ್ಲಿದ್ದದ್ದೆಲ್ಲ ನಡೆದದ್ದೇ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕೇಳುಗರು ಮೇಲಿಂದ ಮೇಲೆ ಕೇಳುವುದು ಇದನ್ನೇ: ಮಕ್ಕಳ ಕೈಗೆ ಐತಿಹಾಸಿಕ ಕಾದಂಬರಿ ಕೊಟ್ಟರೆ ಇತಿಹಾಸ ತಪ್ಪಾಗಿ ತಲೆಗೆ ಹತ್ತುವುದಿಲ್ಲವೇ? ಕಾದಂಬರಿಕಾರ ಗಳಗನಾಥರನ್ನು ಮುಂದಿಟ್ಟುಕೊಂಡೇ ಉತ್ತರ ಹೇಳುತ್ತೇನೆ. ಮುಂಡಗೋಡದ ಗಡಿ ದಾಟಿದರೆ ಹಾವೇರಿ ಜಿಲ್ಲೆ. ಬನವಾಸಿಯನ್ನು ಬಳಸಿ ಹರಿದ ವರದೆ ಅಲ್ಲಿ ತುಂಗಭದ್ರೆಯನ್ನು ಕೂಡುವ ಗಳಗನಾಥವೇ ಅವರ, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರ, ಊರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಮಾಸ್ತರಿಕೆ ಮಾಡಿದರು, ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಗೆ ಬರೆದರು, ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ಅವರ ‘ಕನ್ನಡಿಗರ ಕರ್ಮಕಥೆ’ಯಲ್ಲಿ ಇರುವುದು 1565ರ ತಾಳಿಕೋಟೆ ಯುದ್ಧ. ಯಾರು ಯಾರ ಜೊತೆ ಸೇರಿದರು ಎಂದು ದಾಖಲೆ ಹೇಳುತ್ತದೆ. ಎದುರಾಳಿ ಸುಲ್ತಾನ ಹುಸೇನ ನಿಜಾಮಶಹನ ಕೈಗೆ ಸಿಕ್ಕ ವಿಜಯನಗರದ ರಾಮರಾಯನ ತಲೆ ಹೋಯಿತೆಂದು ಹೇಳುತ್ತದೆ. ಯುದ್ಧದ ಹಿಂದಿನ ರಾತ್ರಿ ರಾಮರಾಯನ ಮನಸ್ಸಿನಲ್ಲಿ ಏನಿತ್ತು? ಅದನ್ನು ಯಾವ ದಾಖಲೆಯೂ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ಕಾದಂಬರಿಕಾರ ಬಂದು ಕೂರುತ್ತಾನೆ. ಮೆಹರ್ಜಾನ, ರಣಮಸ್ತಖಾನ ಎಂಬ ಪಾತ್ರಗಳು ಬರುವುದು ಅಲ್ಲಿಂದ. ಸಾಮ್ರಾಜ್ಯದ ಪತನ ಒಂದು ಮನೆಯ ಸಂಕಟವಾಗದೆ ಓದುವವನ ಕರುಳಿಗೆ ತಾಗುವುದಿಲ್ಲ, ಅದಕ್ಕೇ ಈ ಪಾತ್ರಗಳು. ಇನ್ನೊಮ್ಮೆ ಹೇಳುತ್ತೇನೆ: ಯುದ್ಧ ನಿಜ, ರಾಮರಾಯನ ಸಾವು ನಿಜ, ಮೆಹರ್ಜಾನಳ ಪ್ರೇಮ ಕಲ್ಪನೆ. ನಾನು ತಿದ್ದಿದ ಇತಿಹಾಸದ ಉತ್ತರಪತ್ರಿಕೆಗಳಲ್ಲೂ ರಣಮಸ್ತಖಾನ ಬಂದದ್ದುಂಟು. ಅದು ಮಕ್ಕಳ ತಪ್ಪಲ್ಲ, ಯಾವುದು ನಡೆದದ್ದು ಯಾವುದು ಕಟ್ಟಿದ್ದು ಎಂದು ಬಿಡಿಸಿ ತೋರಿಸದ ದೊಡ್ಡವರ ತಪ್ಪು. ಯುದ್ಧ ನಿಜ, ಪ್ರೇಮ ಕಲ್ಪನೆ. ಇಷ್ಟು ಹೇಳಿಕೊಟ್ಟರೆ ಸಾಕು.

ಇನ್ನೊಂದು ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಈ ಕಾದಂಬರಿಗೆ ಹರಿ ನಾರಾಯಣ ಆಪ್ಟೆಯವರ ಮರಾಠಿ ‘ವಜ್ರಾಘಾತ’ದ ಆಧಾರ ಇದೆಯಲ್ಲ, ಗಳಗನಾಥರದ್ದೇನು ಹೆಚ್ಚುಗಾರಿಕೆ ಎನ್ನುತ್ತಾರೆ. ಮನೆಯಲ್ಲಿ ಮರಾಠಿ, ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಹಳಿಯಾಳ, ಜೋಯಿಡಾದವರಾದರೂ ಹಾಗೆನ್ನಬಾರದು. ಓದುವವರೆಲ್ಲ ಮರಾಠಿಯತ್ತ ವಾಲಿದ್ದ ಮುಂಬಯಿ ಕರ್ನಾಟಕದಲ್ಲಿ, ವಿಜಯನಗರ ನಮ್ಮದು ಎಂದು ಸಾಮಾನ್ಯರಿಗೂ ಅನ್ನಿಸಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು.

ವೇಳೆಯಾಗುತ್ತ ಬಂತು. ಮಕ್ಕಳು ಕಾದಂಬರಿ ಓದಲಿ, ನಡುವೆ ತಡೆಯಬೇಡಿ. ಮುಗಿದ ಮೇಲೆ ಇತಿಹಾಸದ ಪುಸ್ತಕ ಪಕ್ಕಕ್ಕಿಟ್ಟು, ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಅವರಿಂದಲೇ ಹುಡುಕಿಸಿ. ನಿಮ್ಮೂರ ಗ್ರಂಥಾಲಯದಲ್ಲಿ ಗಳಗನಾಥರ ಪುಸ್ತಕವಿಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಿ.